ವಿಮಾನಕ್ಕೂ ಉಂಟು ನಾಡಿ ಪರೀಕ್ಷೆ

ಸ್ಕೂಟರ್ ದಾರಿಯಲ್ಲಿ ಕೆಟ್ಟು ನಿಂತರೆ ತಳ್ಳಿಕೊಂಡಾದರೂ ಮನೆ ಸೇರಬಹುದು. ಒಂದೇ ಎಂಜಿನ್ ಇರುವ ಪುಟ್ಟ ವಿಮಾನ ಆಕಾಶದಲ್ಲಿ ಕೆಟ್ಟರೆ? ಚಾಲಕ ಅದನ್ನು ತೇಲಿಸುತ್ತಲೇ ಬಯಲೊಂದನ್ನು ಹುಡುಕಿ ಇಳಿಸಬೇಕು. ಸಿಗುವ ಕಾಲಾವಕಾಶ ಕೆಲವೇ ನಿಮಿಷ. ಅದರಲ್ಲೂ ವಿಮಾನದಲ್ಲಿರುವುದು ಒಂಟಿಯಾಗಿ ಹಾರಲು ಈಗಷ್ಟೇ ಕಲಿತ ವಿದ್ಯಾರ್ಥಿಯಾದರೆ? ಆದ್ದರಿಂದಲೇ ಕೆಡುವ ಮುನ್ನ ಕೆಡುಕಿನ ಸುಳಿವು ಹಿಡಿಯುವ ತಪಾಸಣಾ ಕ್ರಮವೊಂದು ಬೆಳೆದು ಬಂದಿದೆ.

1955ರಲ್ಲಿ ಮೊದಲ ಬಾರಿ ಹಾರಿದ ಅಮೆರಿಕದ ಸೆಸ್ನಾ 172 ವಿಮಾನವನ್ನೇ ತೆಗೆದುಕೊಳ್ಳೋಣ. 40 ಸಾವಿರಕ್ಕೂ ಹೆಚ್ಚು ತಯಾರಾಗಿರುವ ಇದು ಹಾರಾಟ ಕಲಿಸುವ ಶಾಲೆಗಳ ಅಚ್ಚುಮೆಚ್ಚಿನ ವಿಮಾನ. ಇದರ ಈಚಿನ ಮಾದರಿಗಳಲ್ಲಿರುವುದು ನಾಲ್ಕು ಸಿಲಿಂಡರುಗಳ ಪಿಸ್ಟನ್ ಎಂಜಿನ್. ನಿಮಿಷಕ್ಕೆ 2400 ಸುತ್ತಿನಂತೆ ತಿರುಗಿದರೆ 50 ಗಂಟೆಯಲ್ಲಿ ಎಷ್ಟು ಸುತ್ತಾಯಿತು? 72 ಲಕ್ಷ! ಎಣ್ಣೆ ಹಾಕಿ ಎಷ್ಟೇ ಜೋಪಾನ ಮಾಡಿದರೂ ಸವೆತ ತಪ್ಪದು.

ಎಣ್ಣೆ ಹೇಳುವ ಕಥೆ

ಪೂರ್ಣ ಪ್ರಮಾಣದ ಫಿಲ್ಟರ್ ಇರುವ ಇಂಥ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 50 ಗಂಟೆಗೊಮ್ಮೆ ಎಣ್ಣೆ ಬದಲಿಸುತ್ತಾರೆ. ಹಳೆಯ ಫಿಲ್ಟರನ್ನು ಹಾಗೆಯೇ ಎಸೆಯುವುದಿಲ್ಲ. ಅದನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ, ಲೋಹದ ಚೂರುಗಳಿಗಾಗಿ ಹುಡುಕುತ್ತಾರೆ. ಚೂರು ಅಯಸ್ಕಾಂತಕ್ಕೆ ಅಂಟಿದರೆ ಅದು ಉಕ್ಕು. ಯಾವುದೋ ಉಕ್ಕಿನ ಭಾಗ ಸವೆಯುತ್ತಿದೆ. ಅಂಟದೆ ಹೊಳೆಯುತ್ತಿದ್ದರೆ ಪಿಸ್ಟನ್ನಿನ ಅಲ್ಯೂಮಿನಿಯಂ ಇರಬಹುದು. ಪ್ರೌಢಶಾಲೆಯ ಪ್ರಯೋಗವೇ ಇಲ್ಲಿ ಜೀವ ಕಾಯುತ್ತದೆ.

ಅಮೆರಿಕದ ನಿಯಮದಂತೆ, ಹಣ ಪಡೆದು ಹಾರಾಟ ಕಲಿಸಲು ಶಾಲೆ ಒದಗಿಸುವ ವಿಮಾನಕ್ಕೆ 100 ಗಂಟೆಗೊಮ್ಮೆ ವಿವರವಾದ ತಪಾಸಣೆ ಆಗಬೇಕು. ಆಗ ಸಿಲಿಂಡರುಗಳ ಸರದಿ. ಪಿಸ್ಟನ್ನನ್ನು ತುತ್ತತುದಿಯಲ್ಲಿ ನಿಲ್ಲಿಸಿ, ಚದರ ಅಂಗುಲಕ್ಕೆ 80 ಪೌಂಡ್ ಒತ್ತಡದ ಗಾಳಿಯನ್ನು ಒಳಬಿಡುತ್ತಾರೆ. ಗಾಳಿ ಪಿಸ್ಟನ್ನನ್ನು ತಳ್ಳಿದರೆ ಪ್ರೊಪೆಲರ್ ಗಿರ್ರನೆ ತಿರುಗಿ ಕೈ ಮುರಿದೀತು! ಅದಕ್ಕೇ ಒಬ್ಬರು ಅದನ್ನು ಭದ್ರವಾಗಿ ಹಿಡಿದಿರುತ್ತಾರೆ. ಎರಡನೆಯ ಮಾಪಕ 75 ತೋರಿಸಿದರೆ ಸಿಲಿಂಡರ್ ಗಟ್ಟಿಮುಟ್ಟು. ಬಹಳ ಕಡಿಮೆ ತೋರಿಸಿದರೆ ಎಲ್ಲೋ ಸೋರುತ್ತಿದೆ.

ಎಲ್ಲಿ? ಕಿವಿಗೊಟ್ಟು ಕೇಳಿದರೆ ಸಾಕು. ಹೊಗೆ ಕೊಳವೆಯಲ್ಲಿ 'ಸುಸ್' ಎಂದರೆ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಗಾಳಿ ಸೇರುವ ದಾರಿಯಲ್ಲಿ ಸದ್ದಾದರೆ ಇನ್‌ಲೆಟ್ ವಾಲ್ವ್. ಎಣ್ಣೆ ತುಂಬುವ ಬಾಯಲ್ಲಿ ಕೇಳಿಸಿದರೆ ಪಿಸ್ಟನ್ ರಿಂಗುಗಳು ಸವೆದಿವೆ. ವೈದ್ಯರು ಸ್ಟೆತಸ್ಕೋಪ್ ಇಟ್ಟು ಎದೆ ಪರೀಕ್ಷಿಸಿದಂತೆಯೇ ಇದು!

ಹಾರದಿದ್ದರೂ ತಪಾಸಣೆ

ಗಂಟೆಯ ಲೆಕ್ಕದ ಜೊತೆಗೆ ತಿಂಗಳ ಲೆಕ್ಕವೂ ಉಂಟು. ಒಂದು ಗಂಟೆಯೂ ಹಾರದಿದ್ದ ವಿಮಾನವಾದರೂ 12 ತಿಂಗಳಿಗೊಮ್ಮೆ ವಾರ್ಷಿಕ ತಪಾಸಣೆ ಮುಗಿಸದೆ ನೆಲ ಬಿಡುವಂತಿಲ್ಲ. ನಿಂತ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿಳಿದು, ಬರಿದಾದ ಉಕ್ಕಿಗೆ ತೇವ ತಗುಲಿ ತುಕ್ಕು ಹಿಡಿಯುತ್ತದೆ. ಕೆಲಸವಿಲ್ಲದೆ ಕೂತವನ ಮೈ ಜಡ್ಡುಗಟ್ಟುವುದಿಲ್ಲವೇ?

ಇನ್ನು, ಆಕಸ್ಮಿಕಗಳು ನಡೆದಾಗ ವಿಶೇಷ ತಪಾಸಣೆ. ವಿಮಾನ ಧೊಪ್ಪನೆ ಇಳಿದರೆ, ಸಿಡಿಲು ಬಡಿದರೆ, ತಿರುಗುವ ಪ್ರೊಪೆಲರ್ ನೆಲಕ್ಕೆ ತಗುಲಿದರೆ ಸುಮ್ಮನೆ ಬಿಡುವಂತಿಲ್ಲ. ಪ್ರೊಪೆಲರ್ ಬಡಿದಾಗ ಅದರ ಪೆಟ್ಟು ಕ್ರ್ಯಾಂಕ್‌ಶಾಫ್ಟಿಗೂ ಮುಟ್ಟುತ್ತದೆ. ಎಂಜಿನ್ ಸರಾಗವಾಗಿ ಓಡುತ್ತಿದ್ದರೂ ಅದನ್ನು ಪೂರ್ತಿ ಬಿಚ್ಚಿ, ಕ್ರ್ಯಾಂಕ್‌ಶಾಫ್ಟಿಗೆ ಕಾಂತತ್ವ ಕೊಟ್ಟು, ಕಬ್ಬಿಣದ ನುಣುಪು ಪುಡಿ ಹರಿಸುತ್ತಾರೆ. ಬರಿಗಣ್ಣಿಗೆ ಕಾಣದ ಬಿರುಕಿದ್ದರೆ ಪುಡಿ ಅಲ್ಲಿ ಗೆರೆಯಂತೆ ಕೂಡುತ್ತದೆ. ಈ ಬಿರುಕು ಮುಂದೊಂದು ದಿನ ಆಕಾಶದಲ್ಲಿ ಬಾಯಿ ಬಿಟ್ಟರೆ ಗತಿಯೇನು?

ಎಲ್ಲ ಮುಗಿದ ಮೇಲೆ ಉಪಕರಣಗಳನ್ನು ಎಣಿಸುತ್ತಾರೆ. ಒಂದು ಸ್ಪ್ಯಾನರ್ ಕಾಣದಿದ್ದರೂ ಅದು ಸಿಗುವವರೆಗೆ ವಿಮಾನ ಹಾರುವುದಿಲ್ಲ. ಮರೆತ ಸ್ಪ್ಯಾನರ್ ರಡ್ಡರ್ ತಂತಿಗೆ ಸಿಕ್ಕಿಕೊಂಡರೆ ತಪಾಸಣೆಯೇ ಕುತ್ತಾದೀತು.

ಕೊನೆಗೆ ಮುಖ್ಯವಾದದ್ದು ಸಹಿ. ಭಾರತದಲ್ಲಿ ಈ ಅಧಿಕಾರವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಲೈಸೆನ್ಸ್ ಮೂಲಕ ವಿಮಾನ ನಿರ್ವಹಣಾ ಎಂಜಿನಿಯರುಗಳಿಗೆ ಕೊಡುತ್ತದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರಿಗೆ ಈ ದಾರಿ ತೆರೆದಿದೆ. ಮಕ್ಕಳು ಪೈಲಟ್ ಆಗಲೆಂದು ಬಯಸುವ ತಂದೆ ತಾಯಂದಿರು ಇದನ್ನೂ ಗಮನಿಸಬಹುದು. ಎಣ್ಣೆ ಮೆತ್ತಿದ ಕೈಯ ಆ ಒಂದು ಸಹಿ ಬೀಳದೆ ಯಾವ ಪೈಲಟ್ಟೂ ಮೇಲೇರುವಂತಿಲ್ಲ.