ಹೊಸ ಊರಿಗೆ ನೆಲೆ ಬದಲಿಸುವ ಶ್ರಾವಕ ಕುಟುಂಬಗಳು ಗಮನಿಸಬೇಕಾದ ಸಂಗತಿಗಳು

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರ ಸಂಖ್ಯೆ 4,40,280. ರಾಜ್ಯದ ಜನಸಂಖ್ಯೆಯಲ್ಲಿ ಇದು ಶೇಕಡಾ ಒಂದಕ್ಕಿಂತಲೂ ಕಡಿಮೆ. ಬೀದರಿನಿಂದ ಚಾಮರಾಜನಗರದವರೆಗೆ ಹರಡಿದ ಇಷ್ಟು ದೊಡ್ಡ ರಾಜ್ಯದಲ್ಲಿ ಇಷ್ಟು ಚಿಕ್ಕ ಸಮಾಜ. ಆದ್ದರಿಂದ ಕೆಲಸ, ಬಾಡಿಗೆ, ಶಾಲೆ ಇವಿಷ್ಟನ್ನು ನೋಡಿ ಊರು ಬದಲಿಸಿದ ಅನೇಕ ಕುಟುಂಬಗಳು ಹೋದ ಮೇಲೆ ಕಷ್ಟಪಡುತ್ತವೆ. ಬಸದಿ ಎಷ್ಟು ದೂರ, ನೀರು ಯಾವುದು, ಸೂರ್ಯಾಸ್ತಕ್ಕೆ ಮೊದಲು ಮನೆ ಸೇರಲು ಆಗುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿರುವುದಿಲ್ಲ.

ಇದರ ಭಾರ ಹೆಚ್ಚಾಗಿ ಬೀಳುವುದು ಮನೆಯ ಹಿರಿಯರ ಮೇಲೆ. ಹಳ್ಳಿಯಲ್ಲಿ ಬೆಳಗ್ಗೆ ಸ್ನಾನ ಮಾಡಿ ನಡೆದೇ ಬಸದಿಗೆ ಹೋಗಿ ಅಭಿಷೇಕ ನೋಡಿ, ಗಂಧೋದಕ ತೆಗೆದುಕೊಂಡು ಬಂದ ನಂತರವೇ ಬಾಯಿಗೆ ನೀರು ಹಾಕುವ ತಾಯಂದಿರಿದ್ದಾರೆ. ಬೆಂಗಳೂರಿನ ಹೊಸ ಬಡಾವಣೆಯಲ್ಲಿ ಮೂರನೇ ಮಹಡಿಯ ಮನೆ, ಜಿನಮಂದಿರಕ್ಕೆ ಎರಡು ಬಸ್ಸು. ಮಗ ಎಂಟು ಗಂಟೆಗೆ ಹೊರಟರೆ ತಿರುಗಿ ಬರುವುದು ರಾತ್ರಿ ಎಂಟಕ್ಕೆ. ವರ್ಷಗಟ್ಟಲೆ ನಡೆದುಬಂದ ನಿಯಮ ಮುರಿಯುತ್ತದೆ, ಇಲ್ಲವೇ ಹಿರಿಯರು ಒಂದು ತಿಂಗಳಿದ್ದು ಊರಿಗೆ ಮರಳುತ್ತಾರೆ. ಬಾಡಿಗೆ ಎರಡು ಸಾವಿರ ಹೆಚ್ಚಾದರೂ ಸರಿ, ಹಿರಿಯರಿರುವ ಕುಟುಂಬ ಬಸದಿಗೆ ನಡೆದು ಹೋಗುವಷ್ಟು ದೂರದಲ್ಲೇ ಮನೆ ಹಿಡಿಯುವುದು ಮೇಲು. ಚಿಕ್ಕ ಪಟ್ಟಣಗಳ ಒಂದು ದೊಡ್ಡ ಅನುಕೂಲ ಇಲ್ಲೇ ಇದೆ. ಅಂಗಡಿಯವನು ಸಂಜೆ ಐದೂವರೆಗೆ ಮನೆಗೆ ಹೋಗಿ ಊಟ ಮುಗಿಸಿ ಮತ್ತೆ ಗಲ್ಲಾಪೆಟ್ಟಿಗೆಯ ಮುಂದೆ ಕೂರಬಹುದು. ಮಹಾನಗರದಲ್ಲಿ ರಾತ್ರಿ ಭೋಜನ ತ್ಯಾಗಕ್ಕೆ ಡಬ್ಬಿ ಕಟ್ಟಿಕೊಂಡು ಹೋಗುವುದೊಂದೇ ದಾರಿ.

ಎರಡನೆಯದು ಬಾವಿ. ಇದನ್ನು ಕೇಳಿದರೆ ಈಗಿನ ಹುಡುಗರು ನಗಬಹುದು. ಆದರೆ ದಿಗಂಬರ ಮುನಿಗಳ ಆಹಾರಕ್ಕೆ, ವ್ರತಿಗಳ ಅಡುಗೆಗೆ ಬಾವಿಯ ನೀರನ್ನೇ ಸೋಸಿ, ಕಾಯಿಸಿ ಬಳಸುವ ಪದ್ಧತಿಯಿದೆ. ಸೋಸಿದಾಗ ಬಟ್ಟೆಯಲ್ಲಿ ಉಳಿದುದನ್ನು ಅದೇ ಬಾವಿಗೆ ಬಿಡಬೇಕು. ನಲ್ಲಿ ನೀರಿನಲ್ಲಿ, ಕೊಳವೆಬಾವಿಯಲ್ಲಿ ಇದು ಆಗುವ ಮಾತಲ್ಲ. ಬಸದಿಯ ಆವರಣದಲ್ಲಾದರೂ ಬಳಕೆಯಲ್ಲಿರುವ ಬಾವಿ ಇದೆಯೇ ಎಂದು ನೋಡಿದರೆ ಆ ಊರಿನ ಸಮಾಜ ಎಷ್ಟು ಜೀವಂತವಾಗಿದೆ ಎಂಬುದೂ ತಿಳಿಯುತ್ತದೆ. ಬಾವಿಯಿದ್ದು, ಚೌಕ ಹಾಕಲು ಬಲ್ಲ ನಾಲ್ಕು ಮನೆಗಳಿದ್ದರೆ ಆ ದಾರಿಯಲ್ಲಿ ವಿಹಾರ ಮಾಡುವ ಮುನಿಸಂಘ ತಂಗುತ್ತದೆ.

ಈ ವಿಷಯದಲ್ಲಿ ಕರಾವಳಿಗೆ ಮೊದಲ ಸ್ಥಾನ. ಅಲ್ಲಿ ಹಳೆಯ ಮನೆ ಎಂದರೆ ಅಂಗಳದಲ್ಲಿ ಬಾವಿ ಇರುವುದು ಸಾಮಾನ್ಯ. ಮೂಡುಬಿದಿರೆಯಲ್ಲಿ 18 ಬಸದಿಗಳಿವೆ. 1430ರ ಸಾವಿರ ಕಂಬದ ಬಸದಿ, ಧವಲ ಗ್ರಂಥಗಳ ತಾಡೆಓಲೆಗಳು ಉಳಿದುಬಂದ ಗುರು ಬಸದಿ, ಶ್ರೀ ಜೈನ ಮಠ ಎಲ್ಲವೂ ಹತ್ತಿರ ಹತ್ತಿರ. ಆಳ್ವಾಸ್ ಸಂಸ್ಥೆಗಳಿಂದಾಗಿ ಮಕ್ಕಳ ಓದಿಗೂ ಕೊರತೆಯಿಲ್ಲ, ದೊಡ್ಡ ಆಸ್ಪತ್ರೆಗೆ ಮಂಗಳೂರು ಒಂದು ಗಂಟೆಯ ದಾರಿ. ಊರಿಗೆ ರೈಲು ಇಲ್ಲ. ಕಾರ್ಕಳ, ವೇಣೂರು, ಉಜಿರೆ ಇವೂ ಇದೇ ಬಗೆಯ ಊರುಗಳು. ಆದರೆ ಬಯಲುಸೀಮೆಯಿಂದ ಹೋಗುವವರು ಮಳೆಗಾಲದಲ್ಲಿ ಒಮ್ಮೆ ಹೋಗಿ ಒಂದು ವಾರ ಇದ್ದು ಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಧಾನ್ಯಕ್ಕೆ ಬೂಸ್ಟು ಹಿಡಿಯುತ್ತದೆ, ಹುಳ ಹುಪ್ಪಟೆ ಹೆಚ್ಚು. ಜೀವದಯೆ ಪಾಲಿಸುವ ಅಡುಗೆಮನೆಗೆ ಇದು ಸಣ್ಣ ವಿಚಾರವಲ್ಲ. ಮಾತು ತುಳು. ಪೂಜೆ ಮಾಡುವವರನ್ನು ಅಲ್ಲಿ ಇಂದ್ರರು ಎನ್ನುತ್ತಾರೆ, ಬೆಳಗಾವಿ ಕಡೆ ಉಪಾಧ್ಯೆ. ಒಂದೇ ಧರ್ಮವಾದರೂ ಬಳಕೆ, ಬಳಗದ ರೀತಿ ಬೇರೆ ಎಂಬುದನ್ನು ಸೊಸೆಯಂದಿರು ಮೊದಲು ಅರಿಯುತ್ತಾರೆ.

ಸಂಖ್ಯೆಯ ಬಲ ಬೇಕೆಂದರೆ ಬೆಳಗಾವಿ ಜಿಲ್ಲೆ. ರಾಜ್ಯದಲ್ಲಿ ಅತಿ ಹೆಚ್ಚು ಜೈನರಿರುವುದು ಅಲ್ಲೇ, ಅವರಲ್ಲಿ ಹೆಚ್ಚಿನವರು ಒಕ್ಕಲುತನದವರು. ಚಾರಿತ್ರ ಚಕ್ರವರ್ತಿ ಆಚಾರ್ಯ ಶಾಂತಿಸಾಗರರ ಭೋಜ, ಆಚಾರ್ಯ ವಿದ್ಯಾನಂದರ ಶೇಡಬಾಳ, ಆಚಾರ್ಯ ವಿದ್ಯಾಸಾಗರರ ಸದಲಗಾ ಎಲ್ಲವೂ ಇದೇ ಸೀಮೆಯವು. ಚಿಕ್ಕೋಡಿ, ಅಥಣಿ, ನಿಪ್ಪಾಣಿ ಕಡೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಎಂದರೆ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಮದುವೆ ವಯಸ್ಸಿನ ಮಕ್ಕಳಿರುವವರಿಗೆ ಇದಕ್ಕಿಂತ ಅನುಕೂಲದ ಪ್ರದೇಶ ರಾಜ್ಯದಲ್ಲಿಲ್ಲ. ಸಾಂಗಲಿ, ಕೊಲ್ಹಾಪುರದವರೆಗೂ ಸಂಬಂಧಗಳು ಬೆಳೆಯುತ್ತವೆ. ಬೆಳಗಾವಿ ನಗರದಲ್ಲಿ ಕೋಟೆಯೊಳಗಿನ ಕಮಲ ಬಸದಿಯಿದೆ, ಕಾಲೇಜು, ಆಸ್ಪತ್ರೆಗಳಿಗೂ ಕೊರತೆಯಿಲ್ಲ. ಮರಾಠಿ ಅರ್ಥವಾದರೆ ವ್ಯವಹಾರ ಸುಲಭ.

ವ್ಯಾಪಾರವನ್ನೇ ನಂಬಿದವರು ಹುಬ್ಬಳ್ಳಿಯನ್ನು ಬಿಟ್ಟು ಯೋಚಿಸುವುದು ಕಡಿಮೆ. ದಿಗಂಬರರೂ ಶ್ವೇತಾಂಬರರೂ ಒಟ್ಟಿಗೆ ದೊಡ್ಡ ಸಂಖ್ಯೆಯಲ್ಲಿರುವ ಊರು ಅದು. ಹತ್ತಿರದಲ್ಲೇ ವರೂರಿನ ನವಗ್ರಹ ತೀರ್ಥ, ಧಾರವಾಡದಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಮಾತ್ರ ಬಡಾವಣೆಯ ನೆರೆಮನೆಯವರಲ್ಲೇ ಕೇಳಬೇಕು, ದಲ್ಲಾಳಿಗಳ ಮಾತು ಸಾಲದು. ಶ್ವೇತಾಂಬರ ಕುಟುಂಬಗಳು ಮಂದಿರದ ಜೊತೆಗೆ ತಮ್ಮ ಪಂಥದ ಸ್ಥಾನಕ ಅಥವಾ ಭವನ, ಪಾಠಶಾಲೆ ಇದೆಯೇ, ಪ್ರತಿ ವರ್ಷ ಚಾತುರ್ಮಾಸ ನಡೆಯುತ್ತದೆಯೇ ಎಂದು ವಿಚಾರಿಸಲಿ.

ಬೆಂಗಳೂರಿನ ಸಂಪರ್ಕವೂ ಬೇಕು, ಅಲ್ಲಿನ ಗದ್ದಲ ಬೇಡ ಎನ್ನುವವರಿಗೆ ತುಮಕೂರು ಒಳ್ಳೆಯದು. ಸುಮಾರು 70 ಕಿಲೋಮೀಟರ್, ದಿನವಿಡೀ ರೈಲು ಬಸ್ಸು, ಸನಿಹದಲ್ಲಿ ಮಂದರಗಿರಿ. ನಿವೃತ್ತರಿಗೆ ಮೈಸೂರು, ಹಾಸನ. ಶ್ರವಣಬೆಳಗೊಳದಲ್ಲೇ ನೆಲೆಸುವ ಆಸೆ ಬಹಳ ಜನಕ್ಕಿದೆ. 2017ರಲ್ಲಿ ಬೆಂಗಳೂರು-ಹಾಸನ ರೈಲುಮಾರ್ಗ ತೆರೆದ ಮೇಲೆ ಅದು ಮೊದಲಿನಷ್ಟು ಒಳನಾಡಲ್ಲ. ಧರ್ಮಸಾಧನೆಗೆ ಅಂಥ ಊರು ಇನ್ನೊಂದಿಲ್ಲ ಎಂಬುದೂ ನಿಜ. ಆದರೆ ಅಂಗಡಿ ಇಡುವ ಉದ್ದೇಶವಿದ್ದರೆ ಲೆಕ್ಕ ಬೇರೆ. ಅಲ್ಲಿನ ವಹಿವಾಟು ಯಾತ್ರಿಕರನ್ನು ನೆಚ್ಚಿದ್ದು. ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ, ಕಳೆದದ್ದು 2018ರಲ್ಲಿ. ಆ ಒಂದು ವರ್ಷದ ಜನಸಂದಣಿ ನೋಡಿ ಬಂಡವಾಳ ಹಾಕುವುದು ಜಾಣತನವಲ್ಲ. ತುರ್ತು ಚಿಕಿತ್ಸೆಗೆ ಚನ್ನರಾಯಪಟ್ಟಣ, ದೊಡ್ಡ ಚಿಕಿತ್ಸೆಗೆ ಹಾಸನ ಎಂಬುದನ್ನೂ ನೆನಪಿಡಬೇಕು.

ವ್ಯಾಪಾರಿಗಳಿಗೆ ಮತ್ತೊಂದು ಮಾತು. ಹೊಸ ಊರಿನಲ್ಲಿ ಸರಕು ಸಿಗುತ್ತದೆ, ಉದ್ದರಿ ಸಿಗುವುದಿಲ್ಲ. ಹಳೆಯ ಊರಿನಲ್ಲಿ ತಂದೆಯ ಹೆಸರು ಹೇಳಿದರೆ ತಿಂಗಳು ಕಾಯುತ್ತಿದ್ದ ಸಗಟು ವ್ಯಾಪಾರಿ ಇಲ್ಲಿಲ್ಲ. ಕನಿಷ್ಠ ಒಂದು ವರ್ಷದ ಮನೆಖರ್ಚು ಕೈಯಲ್ಲಿಟ್ಟುಕೊಂಡು ಹೊರಡಬೇಕು. ಜಿಎಸ್‌ಟಿ ನೋಂದಣಿಯ ವಿಳಾಸ ಬದಲಾದ 15 ದಿನದೊಳಗೆ ತಿದ್ದುಪಡಿಗೆ ಅರ್ಜಿ ಹಾಕಬೇಕು.

ಮಕ್ಕಳ ವಿಷಯದಲ್ಲಿ ಅವಸರದಿಂದ ನಷ್ಟವಾಗುವುದುಂಟು. ವೃತ್ತಿ ಶಿಕ್ಷಣದ ಸೀಟುಗಳಲ್ಲಿ ಗ್ರಾಮೀಣ ಮೀಸಲಾತಿ ಶೇಕಡಾ 15. ಅದಕ್ಕೆ 1ರಿಂದ 10ನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಹಳ್ಳಿಯಲ್ಲಿ ಎಂಟು ವರ್ಷ ಓದಿದ ಮಗುವನ್ನು ಒಂಬತ್ತಕ್ಕೆ ನಗರದ ಶಾಲೆಗೆ ಸೇರಿಸಿದರೆ ಆ ಹಕ್ಕು ಹೋಯಿತು. ಕನ್ನಡ ಮಾಧ್ಯಮದ ಶೇಕಡಾ 5ಕ್ಕೂ ಇದೇ ಬಗೆಯ ಹತ್ತು ವರ್ಷದ ನಿಯಮ. ಎರಡು ವರ್ಷ ತಡೆದು ಎಸ್ಸೆಸ್ಸೆಲ್ಸಿ ಮುಗಿಸಿಕೊಂಡು ಹೋದರೆ ಕಳೆದುಕೊಳ್ಳುವುದೇನೂ ಇಲ್ಲ. ದಿಗಂಬರ ಜೈನರಿಗೆ 3ಬಿ ಪ್ರವರ್ಗವಿದೆ. ಅದರ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಲ್ಪಸಂಖ್ಯಾತ ಪ್ರಮಾಣಪತ್ರಗಳನ್ನು ಪರಿಚಯವಿರುವ ಹಳೆಯ ನಾಡಕಚೇರಿಯಲ್ಲೇ ಮಾಡಿಸಿಕೊಂಡು ಹೊರಡುವುದು ಸುಲಭ.

ಇನ್ನು ಬಿಟ್ಟುಹೋಗುವ ಊರಿನ ಮಾತು. ನಾಡಿನ ಎಷ್ಟೋ ಹಳ್ಳಿಗಳಲ್ಲಿ ಬಸದಿಯಿದೆ, ಉಳಿದಿರುವ ಶ್ರಾವಕರ ಮನೆ ಒಂದೋ ಎರಡೋ. ಕೊನೆಯ ಮನೆ ಹೊರಟರೆ ಬಸದಿಗೆ ಬೀಗ. ಹೊರಡುವವರನ್ನು ದೂರಿ ಪ್ರಯೋಜನವಿಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ಬೀಗದ ಕೈ ಯಾರ ಬಳಿ, ದೀಪ ಹಚ್ಚುವವರು ಯಾರು ಎಂಬುದನ್ನು ತೀರ್ಮಾನಿಸದೆ ಲಾರಿಗೆ ಸಾಮಾನು ಏರಿಸಬಾರದು. ಆರು ತಿಂಗಳು ಮೊದಲೇ ಪಕ್ಕದ ಊರಿನ ಸಮಾಜದವರಿಗೂ ಆ ಭಾಗದ ಮಠಕ್ಕೂ ತಿಳಿಸಬೇಕು. ಲೋಹದ ಬಿಂಬಗಳು, ಪೂಜಾ ಪಾತ್ರೆಗಳು, ತಾಡೆಓಲೆಗಳನ್ನು ಅಳತೆ ಸಮೇತ ಪಟ್ಟಿ ಮಾಡಿ, ಫೋಟೋ ತೆಗೆದು, ಮೂರು ಪ್ರತಿ ಮಾಡಬೇಕು: ಒಂದು ಮಠಕ್ಕೆ, ಒಂದು ಹೊಣೆ ಹೊರುವವರಿಗೆ, ಒಂದು ತಮ್ಮಲ್ಲಿ. ಬಸದಿಯ ಬಿಂಬವನ್ನು ಪ್ರೀತಿಯಿಂದಲೇ ಆದರೂ ಹೊಸ ಮನೆಗೆ ಒಯ್ಯುವುದು ಸಲ್ಲ. ಬಸದಿಗೆ ಸೇರಿದ ಜಮೀನಿದ್ದರೆ ಪಹಣಿ ಯಾರ ಹೆಸರಿನಲ್ಲಿದೆ ನೋಡಿ, ತಪ್ಪಿದ್ದರೆ ಊರಲ್ಲಿರುವಾಗಲೇ ಸರಿಪಡಿಸಬೇಕು. ಮುಂದೆ ಬಂದು ಓಡಾಡುವುದು ಯಾರಿಂದಲೂ ಆಗುವುದಿಲ್ಲ. ನಿತ್ಯಪೂಜೆಗೆ ತಿಂಗಳಿಗೆ ಇಂತಿಷ್ಟು ಎಂದು ನಿಗದಿ ಮಾಡಿ ಬ್ಯಾಂಕಿನಿಂದ ನೇರವಾಗಿ ಹೋಗುವಂತೆ ಬರೆದುಕೊಟ್ಟು, ವಾರ್ಷಿಕೋತ್ಸವದ ತಿಥಿಗೆ ಕುಟುಂಬದಿಂದ ಒಬ್ಬರಾದರೂ ಬರುವುದೆಂದು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.