ಕಿರುಹಳಿಯ ರೈಲು: ಮಾದರಿಯೂ ಛಾಯಾಚಿತ್ರವೂ

ಪಂಢರಪುರದ ಯಾತ್ರೆಗೆ ಹೋಗಿಬಂದ ನಮ್ಮ ಸೀಮೆಯ ಹಿರಿಯರನ್ನು ಮಾತನಾಡಿಸಿದರೆ, ವಿಠ್ಠಲನ ದರ್ಶನದ ಮಾತಿನೊಡನೆ ಒಂದು ಪುಟ್ಟ ರೈಲಿನ ಮಾತೂ ಬಂದೇ ಬರುತ್ತದೆ. ಬಾರ್ಶಿ ಲೈಟ್ ರೈಲ್ವೆ ಎಂಬ ಆ ದಾರಿಯು 1897ರಲ್ಲಿ ಬಾರ್ಶಿ ಪಟ್ಟಣದವರೆಗೆ ತೆರೆಯಿತು. 1906ರಲ್ಲಿ ಪಂಢರಪುರವನ್ನೂ, 1911ರಲ್ಲಿ ಲಾತೂರನ್ನೂ, 1927ರಲ್ಲಿ ಮಿರಜವನ್ನೂ ಮುಟ್ಟಿತು. ಜತ್ತ ಸೀಮೆಯವರು ಇಳಿದು ಹತ್ತುವ ಜತ್ತ ರೋಡ್ ನಿಲ್ದಾಣವು ಇದೇ ದಾರಿಯ ಮೇಲಿನದು. ಎರಡು ಹಳಿಗಳ ನಡುವಣ ಅಂತರ ಎರಡೂವರೆ ಅಡಿ, ಎಂದರೆ 762 ಮಿಲಿಮೀಟರು ಮಾತ್ರ. ಇದನ್ನು ಯೋಜಿಸಿದ ಎವೆರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಇಂಗ್ಲಿಷ್ ಇಂಜಿನಿಯರರು, ಯಾವ ಅಚ್ಚಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಎಂಜಿನ್ನು ಡಬ್ಬಿಗಳನ್ನೆಲ್ಲ ಅಳವಡಿಸಿ, ಹಗುರವಾದ ಹಳಿಗಳ ಮೇಲೆಯೇ ದೊಡ್ಡ ಸಾಗಾಟ ಸಾಧ್ಯವೆಂದು ತೋರಿಸಿದರು. 1954ರಲ್ಲಿ ಈ ದಾರಿ ಸರಕಾರದ ಕೈಸೇರಿತು. ಪ್ರಸಕ್ತ ಶತಮಾನದ ಮೊದಲ ವರ್ಷಗಳಲ್ಲಿ ಹಂತಹಂತವಾಗಿ ಕಿರುಹಳಿಗಳನ್ನು ಕಿತ್ತು ಬ್ರಾಡ್‌ಗೇಜ್ ಹಾಕಲಾಯಿತು. ಅನುಕೂಲವೇನೋ ಹೆಚ್ಚಿತು, ಆದರೆ ಇಂದು ನಮ್ಮ ತರಗತಿಗಳಲ್ಲಿ ಕುಳಿತಿರುವ ಮಕ್ಕಳಲ್ಲಿ ಒಬ್ಬರೂ ಆ ಪುಟ್ಟ ಬಂಡಿಯನ್ನು ಕಂಡವರಲ್ಲ.

ಈ ಕೊರತೆಯನ್ನು ನೆನೆದು, ಆ ದಾರಿಯ ಒಂದು ಸಣ್ಣ ನಿಲ್ದಾಣದ ಮಾದರಿಯನ್ನು ರಚಿಸಿ, ಅದರ ಛಾಯಾಚಿತ್ರಗಳನ್ನು ತೆಗೆಯಬೇಕೆಂದು ಕಳೆದ ವರ್ಷ ಹಸ್ತಕಲೆಯ ತರಗತಿಯಲ್ಲಿ ನಿಶ್ಚಯಿಸಿದೆವು. ಕಲಿತದ್ದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆಟಿಕೆಗೂ ಮಾದರಿಗೂ ಇರುವ ಭೇದವೇನು? ಒಂದೇ ಮಾತಿನಲ್ಲಿ ಹೇಳುವುದಾದರೆ, ಅಳತೆ. ಆಟಿಕೆಯಲ್ಲಿ ಎಂಜಿನ್ನು ದೊಡ್ಡದಾಗಿ ಮನೆ ಚಿಕ್ಕದಾದರೂ ಮಗುವಿಗೆ ಬೇಸರವಿಲ್ಲ. ಮಾದರಿಯಲ್ಲಿಯಾದರೋ ಪ್ರತಿಯೊಂದು ವಸ್ತುವೂ ಒಂದೇ ಪ್ರಮಾಣದಲ್ಲಿ ಕುಗ್ಗತಕ್ಕದ್ದು. ನಾವು ಆರಿಸಿಕೊಂಡದ್ದು 87ಕ್ಕೆ 1ರ ಪ್ರಮಾಣ. 762ನ್ನು 87ರಿಂದ ಭಾಗಿಸಿದರೆ ಸುಮಾರು 8.8 ಬರುತ್ತದೆ, ಪೇಟೆಯಲ್ಲಿ ಸಿದ್ಧವಾಗಿ ದೊರೆಯುವ 9 ಮಿಲಿಮೀಟರಿನ ಹಳಿಗೆ ಇದು ಬಹುಮಟ್ಟಿಗೆ ಹೊಂದುತ್ತದೆ. ಐದೂವರೆ ಅಡಿಯ ಮನುಷ್ಯ ಇಲ್ಲಿ ಎರಡು ಸೆಂಟಿಮೀಟರಿಗಿಂತ ತುಸು ಕಡಿಮೆ. ನಮ್ಮ ಹಲಗೆಯ ಉದ್ದ 1.8 ಮೀಟರು, ಅದು ನಿಜದ 157 ಮೀಟರಿಗೆ ಸಮಾನ. ನಿಲ್ದಾಣವೊಂದು ಅಷ್ಟರಲ್ಲಿ ಪೂರ್ತಿಯಾಗಿ ಅಡಗುವುದು ಕಷ್ಟ. ಆದಕಾರಣ ಕಟ್ಟಡಗಳ ಅಳತೆಯನ್ನು ಕೆಡಿಸದೆ, ಅವುಗಳ ನಡುವಣ ಬಯಲನ್ನು ಮಾತ್ರ ಮೊಟಕುಗೊಳಿಸಿದೆವು. ಮಾದರಿಕಾರರೆಲ್ಲರೂ ಅನುಸರಿಸುವ ಉಪಾಯವಿದು. ಒಂದೇ ನಿರ್ದಿಷ್ಟ ನಿಲ್ದಾಣದ ಪಡಿಯಚ್ಚೆಂದು ನಾವು ಇದನ್ನು ಕರೆಯದಿರುವುದಕ್ಕೆ ಕಾರಣವೂ ಇದೇ.

ಮೊದಲ ಕೆಲಸ ಮರದ ಚೌಕಟ್ಟು. ಅದು ಬಾಗಿದರೆ ಮುಂದಿನದೆಲ್ಲ ಬಾಗುತ್ತದೆ. ಚೌಕಟ್ಟಿನ ಮೇಲೆ ಪ್ಲೈವುಡ್ ಹೊಡೆದು ಹಳಿಗಳನ್ನು ಕೂರಿಸಿದೆವು. ವಿದ್ಯುತ್ತಿನ ವ್ಯವಸ್ಥೆ ಸರಳವಾದದ್ದು: 12 ವೋಲ್ಟಿನ ಏಕಮುಖ ಪ್ರವಾಹವು ಒಂದು ಹಳಿಯಿಂದ ಚಕ್ರದ ಮೂಲಕ ಎಂಜಿನ್ನಿನ ಮೋಟಾರಿಗೆ ಹೋಗಿ, ಇನ್ನೊಂದು ಹಳಿಯಿಂದ ಹಿಂದಿರುಗುತ್ತದೆ. ವೋಲ್ಟೇಜನ್ನು ಏರಿಳಿಸಿದರೆ ವೇಗ ಏರಿಳಿಯುತ್ತದೆ. ಧನ ಋಣಗಳನ್ನು ಅದಲುಬದಲು ಮಾಡಿದರೆ ಬಂಡಿ ಹಿಂದಕ್ಕೆ ನಡೆಯುತ್ತದೆ. ಹಳಿಯ ಮೇಲೆ ಧೂಳಿನ ಪೊರೆ ಕೂತರೆ ಪ್ರವಾಹ ತಡೆದು ಬಂಡಿ ಮುಗ್ಗರಿಸುತ್ತದೆ. ನಮ್ಮ ಊರಿನ ಬೇಸಿಗೆಯ ಧೂಳು ಎಂಥದೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಬಂಡಿ ಓಡಿಸುವ ಮುನ್ನ ಹಳಿಯನ್ನು ಒರೆಸುವುದು ಮಕ್ಕಳ ನಿತ್ಯವಿಧಿಯಾಯಿತು.

ನೆಲಕ್ಕೆ ತಂತಿಜಾಲರಿ, ಅದರ ಮೇಲೆ ಹಳೆಯ ಪತ್ರಿಕೆಯ ಹಾಳೆ, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಬಣ್ಣಕ್ಕೆ ಬದಲಾಗಿ ಹೊಲದ ಎರೆಮಣ್ಣನ್ನೇ ಒಣಗಿಸಿ, ಕುಟ್ಟಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದು ಉದುರಿಸಿದೆವು. ಬಳಿಕ ನೀರು ಬೆರೆಸಿದ ಬಿಳಿ ಅಂಟಿಗೆ ಒಂದು ತೊಟ್ಟು ಸಾಬೂನಿನ ದ್ರವ ಸೇರಿಸಿ ಹನಿಹನಿಯಾಗಿ ಬಿಟ್ಟೆವು. ಸಾಬೂನು ನೀರಿನ ಮೇಲ್ಮೈಯ ಬಿಗುವನ್ನು ಕಡಿಮೆ ಮಾಡುವುದರಿಂದ, ಅಂಟು ಗುಂಡುಗಟ್ಟಿ ನಿಲ್ಲದೆ ಮಣ್ಣಿನೊಳಕ್ಕೆ ಇಳಿಯುತ್ತದೆ. ಜಾಲಿಯ ಮರಗಳಿಗೆ ಒಣಬೇರು, ಹುಲ್ಲಿನ ತೆನೆ ಸಾಕಾದವು.

ಎಂಜಿನ್ನಿನಲ್ಲಿ ಮಾತ್ರ ಸೋತೆವೆಂದು ಒಪ್ಪಿಕೊಳ್ಳುವುದೇ ಲೇಸು. ಆ ದಾರಿಗಾಗಿ ಲೀಡ್ಸ್ ನಗರದ ಕಿಟ್ಸನ್ ಕಂಪನಿಯು ಕಟ್ಟಿದ ಮೊದಲ ಎಂಜಿನ್ನುಗಳಿಗೆ ಎಂಟು ಚಾಲಕ ಚಕ್ರಗಳಿದ್ದವು. ನಮಗೆ ದೊರೆತ 9 ಮಿಲಿಮೀಟರಿನ ಯಂತ್ರಕ್ಕೆ ಆರೇ ಚಕ್ರಗಳು. ಅದರ ಮೇಲೆ ಪ್ಲಾಸ್ಟಿಕ್ ಹಾಳೆಯ ಬಾಯ್ಲರು, ನೀರುತೊಟ್ಟಿ, ಚಾವಣಿಗಳನ್ನು ಕೂಡಿಸಿದೆವು. ದೂರದಿಂದ ಅದು ಒಪ್ಪುತ್ತದೆ, ಎಣಿಸಬಲ್ಲವರಿಗೆ ಒಪ್ಪದು.

ಇನ್ನು ಛಾಯಾಚಿತ್ರದ ವಿಷಯ. ಮಾದರಿಯನ್ನು ಕಣ್ಣಿನಿಂದ ನೋಡುವಾಗ ಮನಸ್ಸು ತಪ್ಪುಗಳನ್ನು ಮನ್ನಿಸುತ್ತದೆ; ಕ್ಯಾಮೆರಾ ಯಾವುದನ್ನೂ ಮನ್ನಿಸುವುದಿಲ್ಲ. ಹಳಿಯ ಪಕ್ಕದಲ್ಲಿ ಬಿದ್ದ ಒಂದು ಸೆಂಟಿಮೀಟರಿನ ಹತ್ತಿಯ ಎಳೆ ನಮ್ಮ ಪ್ರಮಾಣದಲ್ಲಿ 87 ಸೆಂಟಿಮೀಟರಿನ ಹಗ್ಗ. ಮೊದಲ ದಿನದ ಚಿತ್ರಗಳಲ್ಲಿ ನಮ್ಮ ನಿಲ್ದಾಣವು ಹಗ್ಗಗಳ ಸಂತೆಯಂತೆ ಕಾಣಿಸಿತು.

ಎರಡನೆಯ ತೊಡಕು ಸ್ಪಷ್ಟತೆಯದು. ಮಸೂರವು ವಸ್ತುವಿಗೆ ಹತ್ತಿರವಾದಷ್ಟೂ, ಸ್ಪಷ್ಟವಾಗಿ ಮೂಡುವ ಆಳವು ಕಡಿಮೆಯಾಗುತ್ತದೆ. ಎಂಜಿನ್ನು ಚೊಕ್ಕಟವಾಗಿ ಬಂದರೆ ಹಿಂದಿನ ಡಬ್ಬಿ ಮಸುಕು. ನೋಡಿದೊಡನೆಯೇ 'ಇದು ಚಿಕ್ಕದು' ಎಂಬ ಗುಟ್ಟು ಬಯಲಾಗುತ್ತದೆ. ಮಸೂರದ ಕಿಂಡಿಯನ್ನು ಕಿರಿದು ಮಾಡಿದರೆ ಆಳ ಹೆಚ್ಚುತ್ತದೆ. ಬೆಳಕು ಕಡಿಮೆಯಾಗುವುದರಿಂದ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು ಕೆಲವು ಸೆಕೆಂಡುಗಳ ಕಾಲ ತೆರೆದಿಡಬೇಕಾಗುತ್ತದೆ. ಕಿಂಡಿ ಅತಿ ಕಿರಿದಾದರೆ ಬೆಳಕು ಅಂಚಿನಲ್ಲಿ ಬಾಗಿ ಚಿತ್ರವೆಲ್ಲ ಮೃದುವಾಗುವುದರಿಂದ ಇದಕ್ಕೂ ಮಿತಿಯುಂಟು. ಈಗಿನ ಕಾಲದಲ್ಲಿ ಬೇರೊಂದು ದಾರಿಯಿದೆ: ಕ್ಯಾಮೆರಾವನ್ನು ಕದಲಿಸದೆ ಹತ್ತಿರದಿಂದ ದೂರದವರೆಗೆ ಹತ್ತಾರು ಚಿತ್ರ ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನು ಗಣಕಯಂತ್ರದಲ್ಲಿ ಒಂದುಗೂಡಿಸುವುದು. ಮೊಬೈಲ್ ಫೋನಿನ ಪುಟ್ಟ ಕ್ಯಾಮೆರಾವೂ ಇದಕ್ಕೆ ಯೋಗ್ಯವೇ. ಅದನ್ನು ತಲೆಕೆಳಗಾಗಿ ಹಿಡಿದರೆ ಮಸೂರವು ನೆಲಕ್ಕೆ ಹತ್ತಿರವಾಗಿ, ಪ್ಲಾಟ್‌ಫಾರ್ಮಿನ ಮೇಲೆ ನಿಂತ ಆ ಎರಡು ಸೆಂಟಿಮೀಟರಿನ ಮನುಷ್ಯನ ದೃಷ್ಟಿಗೆ ಸಮೀಪವಾಗುತ್ತದೆ. ಮೇಲಿನಿಂದ ತೆಗೆದ ಚಿತ್ರ ಆಟಿಕೆಯದು; ಆ ಎತ್ತರದಿಂದ ತೆಗೆದದ್ದು ನಿಲ್ದಾಣದ್ದು.

ಬೆಳಕಿನಲ್ಲಿ ನೆನಪಿಡಬೇಕಾದ ನಿಯಮ ಒಂದೇ: ಲೋಕಕ್ಕೆ ಸೂರ್ಯನೊಬ್ಬನೇ. ಎರಡು ದೀಪ ಹಚ್ಚಿದರೆ ಕಂಬಕ್ಕೆ ಎರಡು ನೆರಳು ಬಿದ್ದು ನಂಬಿಕೆ ಕೆಡುತ್ತದೆ. ಒಂದು ಪ್ರಖರ ದೀಪವನ್ನು ದೂರದಲ್ಲಿಟ್ಟು, ನೆರಳಿನ ಬದಿಗೆ ಬಿಳಿಯ ರಟ್ಟನ್ನು ನಿಲ್ಲಿಸಿದರೆ ಸಾಕು. ಆಕಾಶದ ಪರದೆಯು ಒಂದಡಿಯಾದರೂ ಹಿಂದಿರಬೇಕು; ಇಲ್ಲವಾದರೆ ಜಾಲಿಯ ಮರದ ನೆರಳು ಮೋಡದ ಮೇಲೆ ಬೀಳುವ ವಿಚಿತ್ರವನ್ನು ಕಾಣಬೇಕಾಗುತ್ತದೆ.

ಹೀಗೆ ಸಿದ್ಧವಾದ ಒಂದು ಚಿತ್ರವನ್ನು, ಆ ದಾರಿಯಲ್ಲಿ ದುಡಿದು ನಿವೃತ್ತರಾದ, ನಮ್ಮ ವಿದ್ಯಾರ್ಥಿಯೊಬ್ಬನ ಅಜ್ಜನವರಿಗೆ ತೋರಿಸಿದೆವು. ಚಕ್ರಗಳ ಕೊರತೆ ಕಾಣದಂತೆ ಎಂಜಿನ್ನನ್ನು ಸರಕಿನ ಡಬ್ಬಿಯ ಹಿಂದೆ ನಿಲ್ಲಿಸಿದ್ದೆವು. ಅವರು ಎಂಜಿನ್ನಿನ ಮಾತನ್ನೇ ಎತ್ತಲಿಲ್ಲ. ಬಹಳ ಹೊತ್ತು ನೋಡಿ, "ನೀರಿನ ಕಂಬದ ಬುಡ ಇಷ್ಟು ಒಣಗಿದ್ದು ಯಾವಾಗಪ್ಪಾ? ಅಲ್ಲಿ ಸದಾ ಕೆಸರು. ದನ ಬಂದು ನಿಲ್ಲುತ್ತಿದ್ದವು" ಎಂದರು. ಯಾವ ಪುಸ್ತಕದಲ್ಲಿಯೂ ನಮಗೆ ದೊರೆಯದ ಮಾತದು. ಮರುದಿನವೇ ಕಂಬದ ಬುಡಕ್ಕೆ ಕಪ್ಪು ಬಣ್ಣ ಬಳಿದು, ಮೇಲೆ ವಾರ್ನಿಷ್ ಸವರಿ, ಎರಡು ಎತ್ತುಗಳನ್ನು ನಿಲ್ಲಿಸಿ ಮತ್ತೆ ಚಿತ್ರ ತೆಗೆದೆವು.

ಆ ಎರಡನೆಯ ಚಿತ್ರವನ್ನು ಶಾಲೆಯ ಗೋಡೆಯ ಮೇಲೆ ಕಂಡ ಪಾಲಕರೊಬ್ಬರು, "ಇದು ಯಾವ ವರ್ಷದ ಫೋಟೋ?" ಎಂದು ಕೇಳಿದರು. ಮಕ್ಕಳು ಹಿಗ್ಗಿದರು, ನಾವು ತುಸು ಬೆಚ್ಚಿದೆವು. ನಿಜವಾದ ಹಳೆಯ ಚಿತ್ರಗಳೇ ವಿರಳವಾಗಿರುವಾಗ, ನಮ್ಮ ಆರು ಚಕ್ರದ ಎಂಜಿನ್ನು ನಾಳೆ ಇತಿಹಾಸವೆಂದು ನಿಂತರೆ ಅದು ನೆನಪಿಗೆ ಮಾಡಿದ ಸೇವೆಯಲ್ಲ, ದ್ರೋಹ. ಅಂದಿನಿಂದ ಪ್ರತಿಯೊಂದು ಚಿತ್ರದ ಕೆಳಗೂ 'ಮಾದರಿ' ಎಂದೂ, ತಯಾರಿಸಿದ ವರ್ಷವನ್ನೂ, ತಿಳಿದಿರುವ ತಪ್ಪುಗಳನ್ನೂ ಬರೆಯುತ್ತಿದ್ದೇವೆ.

ಚಿತ್ರಗಳ ವಿಷಯದಲ್ಲಿ ಇಷ್ಟು ಕಾಳಜಿ ಏಕೆಂಬುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ಅಮೆರಿಕದ ಮಾಂಟೆರೆ ಪಟ್ಟಣದಲ್ಲಿ ಜಾನ್ ಅಲೆನ್ ಎಂಬವರಿದ್ದರು, ವೃತ್ತಿಯಿಂದ ಛಾಯಾಗ್ರಾಹಕರು. ನಾವು ಬಳಸಿದ ಈ 87ಕ್ಕೆ 1ರ ಪ್ರಮಾಣದಲ್ಲಿಯೇ ಅವರು ಗೋರಿ ಅಂಡ್ ಡಿಫೀಟೆಡ್ ಎಂಬ ವಿನೋದದ ಹೆಸರಿನ ರೈಲುದಾರಿಯನ್ನು, ನೆಲದಿಂದ ಮೇಲೇಳುವ ಬೆಟ್ಟ ಕಣಿವೆಗಳೊಡನೆ, ವರ್ಷಗಟ್ಟಲೆ ಕಟ್ಟಿದರು. ಬಂಡಿಗಳು ಹೊಸದಾಗಿ ಹೊಳೆಯದೆ, ಬಿಸಿಲು ಮಳೆಗೆ ಸವೆದಂತೆ ಕಾಣಬೇಕೆಂಬ ಪಾಠವನ್ನು ಅನೇಕರು ಕಲಿತದ್ದು ಅವರಿಂದ. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಹತ್ತು ದಿನಗಳ ತರುವಾಯ ಬೆಂಕಿ ಬಿದ್ದು ಆ ಮಾದರಿಯ ಬಹುಭಾಗ ನಾಶವಾಯಿತು. ಇಂದು ಜಗತ್ತು ಅದನ್ನು ಬಲ್ಲದ್ದು ಮುಖ್ಯವಾಗಿ ಅವರೇ ತೆಗೆದ ಛಾಯಾಚಿತ್ರಗಳಿಂದ.

ನಮ್ಮ ಹಲಗೆಗೂ ಗೆದ್ದಲು ಹತ್ತಬಹುದು. ಕೊಠಡಿಯ ಅಗತ್ಯ ಬಿದ್ದರೆ ಅದನ್ನು ಬಿಚ್ಚಲೂ ಬೇಕಾದೀತು. ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ. ಆ ಪುಟ್ಟ ರೈಲಿನ, ಅದರ ನಿಲ್ದಾಣಗಳ ಹಳೆಯ ಚಿತ್ರ ಯಾರ ಪೆಟ್ಟಿಗೆಯಲ್ಲಿದ್ದರೂ ಶಾಲೆಗೆ ತರಬೇಕು. ಪ್ರತಿ ತೆಗೆದುಕೊಂಡು ಮೂಲವನ್ನು ಅಂದೇ ಹಿಂದಿರುಗಿಸುತ್ತೇವೆ. ಚಿತ್ರವಿಲ್ಲದವರು ನೆನಪನ್ನಾದರೂ ತರಲಿ. ನೀರಿನ ಕಂಬದ ಕೆಸರಿನಂಥ ಇನ್ನೆಷ್ಟು ಸಂಗತಿಗಳು ಯಾರ ಮನಸ್ಸಿನಲ್ಲಿ ಉಳಿದಿವೆಯೋ! ಬರೆದುಕೊಳ್ಳಲು ನಮ್ಮ ಮಕ್ಕಳು ಸಿದ್ಧರಾಗಿದ್ದಾರೆ.