ಪುಟಿನ್ ಟೋಕಿಯೊದಲ್ಲಿ ಇಳಿದರೆ?

ರಷ್ಯಾ ಅಧ್ಯಕ್ಷ ಪುಟಿನ್ ಅವರ ವಿಮಾನ ನಾಳೆ ಟೋಕಿಯೊದಲ್ಲಿ ಇಳಿಯಿತು ಅಂದುಕೊಳ್ಳಿ. ಒಪ್ಪಂದದ ಪ್ರಕಾರ ಜಪಾನ್ ಅವರನ್ನು ಬಂಧಿಸಿ ಹೇಗ್ ನಗರಕ್ಕೆ ಒಪ್ಪಿಸಬೇಕು.

ಯಾಕೆ? 2023ರ ಮಾರ್ಚ್ 17ರಂದು ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ, ಅಂದರೆ ಐಸಿಸಿ, ಅವರ ಮೇಲೆ ಬಂಧನ ವಾರಂಟ್ ಹೊರಡಿಸಿತು. ಉಕ್ರೇನಿನ ಆಕ್ರಮಿತ ಪ್ರದೇಶಗಳಿಂದ ಮಕ್ಕಳನ್ನು ರಷ್ಯಾಕ್ಕೆ ಸಾಗಿಸಿದ ಆರೋಪ. ಮಕ್ಕಳನ್ನು! ವಾರಂಟ್ ಕೊಟ್ಟ ಮೂವರು ನ್ಯಾಯಾಧೀಶರಲ್ಲಿ ಒಬ್ಬರು ಜಪಾನಿನ ತೊಮೊಕೊ ಅಕಾನೆ, ಹಿಂದೆ ಅಲ್ಲೇ ಸರ್ಕಾರಿ ಪ್ರಾಸಿಕ್ಯೂಟರ್ ಆಗಿದ್ದವರು. ಕೆಲವೇ ತಿಂಗಳಲ್ಲಿ ರಷ್ಯಾ ಅವರ ಹೆಸರನ್ನೇ ತಾನು ಹುಡುಕುತ್ತಿರುವ ಆರೋಪಿಗಳ ಪಟ್ಟಿಗೆ ಸೇರಿಸಿತು. ಆಕೆ ಹಿಂದೆ ಸರಿಯಲಿಲ್ಲ. 2024ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯದ ಅಧ್ಯಕ್ಷೆಯಾದರು, ಆ ಸ್ಥಾನಕ್ಕೇರಿದ ಮೊದಲ ಜಪಾನಿ.

ಹಾಗಾದರೆ ಜಪಾನಿನ ಕೋರ್ಟೇ ಕೇಸು ನಡೆಸಬಹುದಲ್ಲ? ಆಗದು. ಅಧಿಕಾರದಲ್ಲಿರುವ ತನಕ ಬೇರೆ ದೇಶದ ಕೋರ್ಟುಗಳಿಂದ ರಾಷ್ಟ್ರಾಧ್ಯಕ್ಷರಿಗೆ ರಕ್ಷಣೆ ಇದೆ. ಐಸಿಸಿಯ ಮೂಲ ಒಪ್ಪಂದವಾದ ರೋಮ್ ಶಾಸನದ 27ನೇ ವಿಧಿ ಮಾತ್ರ ಕುರ್ಚಿ ನೋಡುವುದಿಲ್ಲ. ಜಪಾನ್ ಅದಕ್ಕೆ ಸೇರಿದ್ದು 2007ರಲ್ಲಿ. ಅತಿ ಹೆಚ್ಚು ಹಣ ಕೊಡುವ ಸದಸ್ಯ ದೇಶವೂ ಅದೇ. ಭಾರತ ಸದಸ್ಯ ಅಲ್ಲ.

ಬಂಧನ ಆಗುತ್ತಾ? ಐಸಿಸಿಗೆ ಸ್ವಂತ ಪೊಲೀಸರಿಲ್ಲ. ಆರೋಪಿ ಎದುರಿಗಿಲ್ಲದೆ ಅಲ್ಲಿ ವಿಚಾರಣೆ ನಡೆದು ಶಿಕ್ಷೆಯಾಗುವುದೂ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಪುಟಿನ್ ಸದಸ್ಯ ದೇಶ ಮಂಗೋಲಿಯಾಕ್ಕೇ ಹೋಗಿಬಂದರು, ಯಾರೂ ತಡೆಯಲಿಲ್ಲ. ಸದ್ಯಕ್ಕೆ ಸಾಧ್ಯತೆ ಕಡಿಮೆ. ಹಾಗೆ ಹೇಳುವಾಗ ಆ ಮಕ್ಕಳನ್ನು ನೆನೆದು ಸಂಕಟವಾಗುತ್ತದೆ.

ಆದರೆ ವಾರಂಟ್‌ನ ಅವಧಿ ಮುಗಿಯುವುದಿಲ್ಲ. 2023ರ ಆಗಸ್ಟ್‌ನ ಜೊಹಾನ್ಸ್‌ಬರ್ಗ್ ಬ್ರಿಕ್ಸ್ ಸಭೆಗೆ ಪುಟಿನ್ ಖುದ್ದಾಗಿ ಹೋಗಲಿಲ್ಲ; ದಕ್ಷಿಣ ಆಫ್ರಿಕಾವೂ ಐಸಿಸಿ ಸದಸ್ಯ ದೇಶ. ವಿಡಿಯೊದಲ್ಲೇ ಮಾತಾಡಿದರು.